ಒಲ್ಲದ ಕಾಲುಗಳಿಗೆ ಮೊದಲು ನಿಧಾನ ಕಲಿಸಬೇಕು

ಮಾನ್ಯ ಸಂಪಾದಕರೇ,

ಕೆಲವು ವಾರಗಳ ಹಿಂದೆ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು, ಸಿಂಗಪುರದಲ್ಲಿರುವಂತೆ ಗಂಡಸರಿಗೆಲ್ಲ ಸೈನಿಕ ಸೇವೆಯನ್ನೂ ಅದರ ಬೆನ್ನಿಗೆ ವರ್ಷವರ್ಷದ ದೈಹಿಕ ಸಾಮರ್ಥ್ಯ ಪರೀಕ್ಷೆಯನ್ನೂ ಕಡ್ಡಾಯ ಮಾಡಿಬಿಟ್ಟರೆ ಸೋಮಾರಿತನ ತಾನಾಗಿಯೇ ತೊಲಗುತ್ತದೆ ಎಂದು ಬರೆದಿದ್ದರು. ಪರೀಕ್ಷೆಯಲ್ಲಿ ಸೋತವರನ್ನು ಎಲ್ಲರೆದುರು ನಿಲ್ಲಿಸಿ ಗದರಿಸಿದರೆ ಮುಂದಿನ ವರ್ಷ ಅವರು ಖಂಡಿತ ಓಡುತ್ತಾರೆ ಎಂಬ ಮಾತೂ ಅದರಲ್ಲಿತ್ತು. ಸಿಂಗಪುರದಲ್ಲಿ ನೆಲೆಸಿ, ಅಲ್ಲಿನ ಮೀಸಲು ಸೈನಿಕರಿಗೆ ಸಂಜೆಯ ಹೊತ್ತು ವ್ಯಾಯಾಮ ತರಬೇತಿ ಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿರುವ ನನಗೆ ಆ ಪತ್ರವನ್ನು ಓದಿ ಸುಮ್ಮನಿರಲಾಗಲಿಲ್ಲ. ಕಡ್ಡಾಯ ಬೇಕೋ ಬೇಡವೋ ಎಂಬ ದೊಡ್ಡ ಚರ್ಚೆಗೆ ನಾನು ಇಳಿಯುವುದಿಲ್ಲ. ಅದು ಆಯಾ ದೇಶದ ಪ್ರಜೆಗಳು ತೀರ್ಮಾನಿಸಬೇಕಾದ ವಿಷಯ. ಕಡ್ಡಾಯವಾಗಿ ಬಂದು ನಿಂತ ಮನುಷ್ಯನ ಕಾಲುಗಳಲ್ಲಿ ಏನು ನಡೆಯುತ್ತದೆ, ಗದರಿಕೆ ಅಲ್ಲಿ ಏಕೆ ಕೆಲಸ ಮಾಡುವುದಿಲ್ಲ ಎಂಬುದಷ್ಟನ್ನೇ ಬರೆಯುತ್ತೇನೆ. ಪತ್ರ ಉದ್ದವಾದರೆ ದಯವಿಟ್ಟು ಮನ್ನಿಸಬೇಕು.

ಮೊದಲು ವ್ಯವಸ್ಥೆಯ ವಿಷಯ, ಏಕೆಂದರೆ ಆ ಪತ್ರದಲ್ಲಿ ಅದು ಸ್ವಲ್ಪ ಕಲಸಿಹೋಗಿತ್ತು. ಸಿಂಗಪುರದಲ್ಲಿ ಕಡ್ಡಾಯ ರಾಷ್ಟ್ರೀಯ ಸೇವೆ ಆರಂಭವಾದದ್ದು 1967ರಲ್ಲಿ. ಪುರುಷ ನಾಗರಿಕರೂ, ಕಾಯಂ ನಿವಾಸಿ ಕುಟುಂಬಗಳ ಎರಡನೆಯ ತಲೆಮಾರಿನ ಗಂಡುಮಕ್ಕಳೂ ಇದಕ್ಕೆ ಒಳಪಡುತ್ತಾರೆ. ಅಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳ ಹುಡುಗರೂ ಹಾಗೆಯೇ ಸಮವಸ್ತ್ರ ತೊಟ್ಟು ಹೋಗಿದ್ದಾರೆ. ಎರಡು ವರ್ಷದ ಪೂರ್ಣಾವಧಿ ಸೇವೆ ಮುಗಿದ ಮೇಲೆ ಅವರು ತಮ್ಮ ಓದಿಗೋ ನೌಕರಿಗೋ ಮರಳುತ್ತಾರೆ, ಆದರೆ ಸೇನೆಯ ನಂಟು ಕಡಿಯುವುದಿಲ್ಲ. ಕಾನೂನಿನ ಪ್ರಕಾರ ಸಾಮಾನ್ಯ ದರ್ಜೆಯವರು 40ನೆಯ ವಯಸ್ಸಿನವರೆಗೆ, ಅಧಿಕಾರಿ ದರ್ಜೆಯವರು 50ರವರೆಗೆ ಕರೆ ಬಂದಾಗ ಬರಬೇಕು. ಇವರನ್ನು ಈಗ ಅಧಿಕೃತವಾಗಿ 'ರಿಸರ್ವಿಸ್ಟ್' ಎನ್ನುವುದಿಲ್ಲ, 'ಎನ್‌ಎಸ್‌ಮೆನ್' ಎನ್ನುತ್ತಾರೆ. ಎನ್‌ಎಸ್ ಎಂದರೆ ನ್ಯಾಷನಲ್ ಸರ್ವಿಸ್, ಅದೇ ರಾಷ್ಟ್ರೀಯ ಸೇವೆ. ಆದರೂ ಆಡುಮಾತಿನಲ್ಲಿ ಹಳೆಯ ಹೆಸರೇ ಉಳಿದಿದೆ, ನಾನೂ ಮೀಸಲು ಸೈನಿಕ ಎಂದೇ ಬರೆಯುತ್ತಿದ್ದೇನೆ.

ಇವರಲ್ಲಿ ವೈದ್ಯಕೀಯವಾಗಿ ಅರ್ಹರಾದವರು ಪ್ರತಿವರ್ಷ 'ಐಪಿಪಿಟಿ' ಎಂಬ ದೈಹಿಕ ಸಾಮರ್ಥ್ಯ ಪರೀಕ್ಷೆಗೆ ಒಳಗಾಗಬೇಕು. ಮೊದಲು ಅದರಲ್ಲಿ ಐದು ವಿಭಾಗಗಳಿದ್ದವು. ಸಿಟ್-ಅಪ್, ನಿಂತಲ್ಲಿಂದ ಉದ್ದ ಜಿಗಿತ, ಕಂಬಿಗೆ ಜೋತು ಗಲ್ಲವನ್ನು ಮೇಲೆತ್ತುವುದು, ಎರಡು ಗೆರೆಗಳ ನಡುವೆ ಅತ್ತಿಂದಿತ್ತ ಓಡುವ ಷಟಲ್ ಓಟ, ಕೊನೆಗೆ 2.4 ಕಿಲೋಮೀಟರ್ ಓಟ. 2015ರಿಂದ ಅದು ಮೂರಕ್ಕಿಳಿಯಿತು: ಒಂದು ನಿಮಿಷ ಪುಷ್-ಅಪ್, ಒಂದು ನಿಮಿಷ ಸಿಟ್-ಅಪ್, ಅದೇ 2.4 ಕಿಲೋಮೀಟರ್ ಓಟ. ಒಟ್ಟು 100 ಅಂಕ. ಓಟಕ್ಕೆ 50, ಉಳಿದೆರಡಕ್ಕೆ ತಲಾ 25. ವಯಸ್ಸಿಗೆ ತಕ್ಕಂತೆ ಅಂಕದ ಪಟ್ಟಿ ಬದಲಾಗುತ್ತದೆ. ಮೀಸಲು ಸೈನಿಕನಿಗೆ ತೇರ್ಗಡೆಯ ಅಂಕ 51. ಪುಷ್-ಅಪ್ ಮತ್ತು ಸಿಟ್-ಅಪ್ ಎರಡರಲ್ಲೂ ಪೂರ್ಣ ಅಂಕ ಗಳಿಸಿದರೂ ಕೂಡಿದರೆ ಬರುವುದು 50. ಈ ಒಂದಂಕವನ್ನು ಯಾರು ಲೆಕ್ಕ ಹಾಕಿ ಇಟ್ಟರೋ ತಿಳಿಯದು, ಆದರೆ ಓಟದಿಂದ ತಪ್ಪಿಸಿಕೊಳ್ಳಲು ಯಾರಿಗೂ ಸಂದಿ ಉಳಿದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು, ಅಥವಾ ಪರೀಕ್ಷೆಯ ಗೊಡವೆಯೇ ಬೇಡ ಎನ್ನುವವರು, ಒಂದು ಹುಟ್ಟುಹಬ್ಬದಿಂದ ಮುಂದಿನ ಹುಟ್ಟುಹಬ್ಬದೊಳಗೆ ಹತ್ತು ತರಬೇತಿ ತರಗತಿಗಳನ್ನು ಮುಗಿಸಬೇಕು. 2021ರ ಏಪ್ರಿಲ್‌ನಿಂದ ಇದಕ್ಕೆ 'ಎನ್‌ಎಸ್ ಫಿಟ್' ಎಂಬ ಹೆಸರು. ಎರಡನ್ನೂ ಮಾಡದೆ ಉಳಿದರೆ ಶಿಸ್ತುಕ್ರಮ ಕಾದಿರುತ್ತದೆ.

ಅದಕ್ಕೂ ಮೊದಲು ಸೋತವರಿಗೆಂದೇ ಪ್ರತ್ಯೇಕ ತರಬೇತಿಯೊಂದಿತ್ತು, ಅದರ ಹೆಸರೇ 'ರೆಮಿಡಿಯಲ್ ಟ್ರೈನಿಂಗ್'. ದಡ್ಡ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ನಡೆಸುವ ಪಾಠದ ಹೆಸರನ್ನು ಮೂವತ್ತೈದು ದಾಟಿದ, ಕಚೇರಿಯಲ್ಲಿ ಹತ್ತು ಜನರ ಮೇಲುಸ್ತುವಾರಿ ನೋಡುವ ಗಂಡಸಿಗೆ ಇಟ್ಟರೆ ಅವನು ಯಾವ ಮುಖ ಹೊತ್ತು ಮೈದಾನಕ್ಕೆ ಬಂದಾನು? ಹೆಸರು ಬದಲಾದದ್ದನ್ನು ಕೆಲವರು ಬರಿಯ ತೋರಿಕೆ ಎಂದರು. ನಾನು ಹಾಗೆಂದುಕೊಳ್ಳಲಿಲ್ಲ. ಹಾಜರಿ ಕರೆಯುವಾಗ ತಲೆ ತಗ್ಗಿಸಿ ನಿಲ್ಲುವವರ ಸಂಖ್ಯೆ ಕಡಿಮೆಯಾದದ್ದನ್ನು ನಾನೇ ಕಂಡಿದ್ದೇನೆ.

ಇನ್ನು ಬರುವವರ ವಿಷಯಕ್ಕೆ ಬರುತ್ತೇನೆ. ಸಂಜೆ ಕೆಲಸ ಮುಗಿಸಿ, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡೇ ಮೈದಾನಕ್ಕೆ ಬರುತ್ತಾರೆ. ಕೆಲವರು ಬದಲಾಯಿಸುವ ಕೋಣೆಯಲ್ಲಿ ಬೂಟಿನ ದಾರ ಕಟ್ಟುತ್ತ ಹತ್ತು ನಿಮಿಷ ಕಳೆಯುತ್ತಾರೆ. ಕೆಲವರು ಕೊನೆಯ ಕ್ಷಣದಲ್ಲಿ ಮೊಣಕಾಲಿಗೆ ಕೈಯಿಟ್ಟುಕೊಂಡು ಬಂದು, ನಿನ್ನೆಯಿಂದ ಒಂಥರಾ ನೋವು ಎನ್ನುತ್ತಾರೆ. ಕಾಯಿಲೆಯ ನೆಪ ಹೂಡಿ ನುಣುಚಿಕೊಳ್ಳುವುದಕ್ಕೆ ಅಲ್ಲಿನ ಸೈನಿಕರ ಆಡುಮಾತಿನಲ್ಲಿ 'ಚಾವ್ ಕೆಂಗ್' ಎಂಬ ಪದವಿದೆ. ಹದಿನೆಂಟರ ಹುಡುಗನಿಂದ ಹಿಡಿದು ನಲವತ್ತರ ಸಂಸಾರಸ್ಥನವರೆಗೆ ಎಲ್ಲರಿಗೂ ಗೊತ್ತು. 'ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು' ಎಂಬ ನಮ್ಮ ಗಾದೆಯನ್ನು ನಾನು ಅವರ ನಡುವೆ ನಿಂತು ಎಷ್ಟೋ ಸಲ ನೆನೆದಿದ್ದೇನೆ. ಮಳೆ ಬಂದರೆ ಓಡಲಾಗದು, ಮಳೆ ಬಾರದಿದ್ದರೆ ಸೆಕೆ. ಬೂಟು ಹೊಸದಾದರೆ ಕಚ್ಚುತ್ತದೆ, ಹಳೆಯದಾದರೆ ಜಾರುತ್ತದೆ.

ಆದರೆ ಈ ಒಲ್ಲದಿಕೆಯನ್ನು ಸೋಮಾರಿತನ ಎಂದು ಕರೆದವರು ಅದನ್ನು ಹತ್ತಿರದಿಂದ ನೋಡಿದವರಲ್ಲ. ಅಲ್ಲಿನ ಪ್ರೌಢಶಾಲೆಗಳಲ್ಲಿ 'ನಾಫಾ' ಎಂಬ ದೈಹಿಕ ಪರೀಕ್ಷೆಯಿದೆ, ಅದರಲ್ಲೂ ಇದೇ 2.4 ಕಿಲೋಮೀಟರ್ ಓಟ. ಎಂದರೆ ಹದಿಮೂರು ಹದಿನಾಲ್ಕನೆಯ ವಯಸ್ಸಿನಿಂದ ಈ ಒಂದೇ ದೂರ ಅವರ ಬೆನ್ನು ಹತ್ತಿದೆ. ಅಂದು ಕೊನೆಯವನಾಗಿ ಓಡಿ ಬಂದು, ಗೆಳೆಯರೆಲ್ಲ ನೀರು ಕುಡಿದು ಕುಳಿತು ನೋಡುತ್ತಿರುವಾಗ ಒಬ್ಬನೇ ಕೊನೆಯ ಸುತ್ತು ಮುಗಿಸಿದ ಹುಡುಗನೇ ಇಂದು ನನ್ನೆದುರು ಹೊಟ್ಟೆ ಬಂದ ಗಂಡಸಾಗಿ ನಿಂತಿರುತ್ತಾನೆ. ಓಟ ಎಂದರೆ ಅವನ ನೆನಪಿನಲ್ಲಿ ಇರುವುದು ಒಂದೇ ಅನುಭವ: ಎದೆ ಉರಿಯುವುದು, ಬಾಯಲ್ಲಿ ಕಬ್ಬಿಣದ ರುಚಿ, ಪಕ್ಕೆ ಹಿಡಿತ, ಮತ್ತು ಯಾರದೋ ಕೂಗು. ಅವನು ದ್ವೇಷಿಸುವುದು ಓಟವನ್ನಲ್ಲ, ತನ್ನ ಅಳವಿಗೆ ಮೀರಿದ ವೇಗದಲ್ಲಿ ಓಡಿ ಸೋತದ್ದನ್ನು. ಆದರೆ ಇವೆರಡೂ ಬೇರೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನನ್ನು ಮತ್ತೆ ಎಲ್ಲರೆದುರು ಗದರಿಸುವುದೆಂದರೆ ಹಳೆಯ ಗಾಯದ ಮೇಲೆಯೇ ಬರೆ ಎಳೆದಂತೆ.

ಈ ಮಾತನ್ನು ನಾನು ಜ್ಞಾನಿಯಂತೆ ಹೇಳುತ್ತಿಲ್ಲ. ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಕೂಗಿದವನೇ. ಶಿಳ್ಳೆ ಕಚ್ಚಿಕೊಂಡು, ಹಿಂದೆ ಬಿದ್ದವರ ಪಕ್ಕದಲ್ಲಿ ಓಡುತ್ತ, ಇನ್ನಷ್ಟು, ಇನ್ನಷ್ಟು ಎಂದು ಅರಚುತ್ತಿದ್ದೆ. ಅದೇ ಹುರಿದುಂಬಿಸುವಿಕೆ ಎಂದು ತಿಳಿದಿದ್ದೆ. ಒಂದು ಸಂಜೆ ನಲವತ್ತರ ಹತ್ತಿರದ ಒಬ್ಬರು ಮೂರನೆಯ ಸುತ್ತಿನಲ್ಲಿ ನಿಂತು, ಬಗ್ಗಿ ಮೊಣಕಾಲು ಹಿಡಿದುಕೊಂಡು, ಉಸಿರು ಹದಕ್ಕೆ ಬಂದ ಮೇಲೆ ನನ್ನನ್ನು ನೋಡಿ ತುಂಬ ಸಮಾಧಾನದಿಂದ, ಸರ್, ನನ್ನ ಮಗ ಅಲ್ಲಿ ಬೇಲಿಯ ಹೊರಗೆ ನಿಂತು ನೋಡುತ್ತಿದ್ದಾನೆ, ಸ್ವಲ್ಪ ಮೆಲ್ಲಗೆ ಮಾತಾಡುತ್ತೀರಾ ಎಂದರು. ಅವರು ಆ ತರಗತಿ ಮುಗಿಸಿದರು. ಉಳಿದ ತರಗತಿಗಳಿಗೆ ನನ್ನ ಬಳಿ ಬರಲಿಲ್ಲ, ಬೇರೆ ಕಡೆ ಹೆಸರು ಬರೆಸಿದರು. ತಪ್ಪು ಪೂರ್ತಿ ನನ್ನದೇ ಆಗಿತ್ತು.

ಆ ಬಳಿಕ ನಾನು ಮೊದಲ ತರಗತಿಯನ್ನು ನಡೆಸುವ ಬಗೆಯನ್ನೇ ಬದಲಿಸಿದೆ. ಅದರ ವಿವರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಇಡೀ ಪತ್ರದ ತಿರುಳು ಇದರಲ್ಲೇ ಇದೆ.

2.4 ಕಿಲೋಮೀಟರ್ ಎಂದರೆ 400 ಮೀಟರ್ ಮೈದಾನದ ಆರು ಸುತ್ತು. ಒಬ್ಬನಿಗೆ ಇದನ್ನು 15 ನಿಮಿಷದಲ್ಲಿ ಮುಗಿಸುವ ಶಕ್ತಿಯಿದೆ ಎನ್ನೋಣ. ಒಂದು ಸುತ್ತಿಗೆ ಎರಡೂವರೆ ನಿಮಿಷ ಬಿದ್ದಿತು. ಆದರೆ ಶಿಳ್ಳೆ ಊದಿದೊಡನೆ ಅವನು ಮಾಡುವುದೇನು? ಗುಂಪಿನೊಂದಿಗೆ ಹೊರಟು ಮೊದಲ ಸುತ್ತನ್ನು ಎರಡು ನಿಮಿಷದೊಳಗೆ ಮುಗಿಸುತ್ತಾನೆ. ಅರ್ಧ ನಿಮಿಷ ಉಳಿಸಿದೆ ಎಂದು ಮನಸ್ಸಿಗೆ ಅನ್ನಿಸುತ್ತದೆ. ದೇಹ ಆ ಅರ್ಧ ನಿಮಿಷವನ್ನು ಬಡ್ಡಿಯ ಸಾಲವೆಂದು ಬರೆದಿಟ್ಟುಕೊಂಡಿರುತ್ತದೆ. ಆಮ್ಲಜನಕ ಸಾಕಾಗದೆ ಸ್ನಾಯುಗಳು ದುಡಿಯತೊಡಗುತ್ತವೆ, ಏದುಸಿರು ಬರುತ್ತದೆ, ಮೂರನೆಯ ಸುತ್ತಿನ ತಿರುವಿನಲ್ಲಿ ಅವನು ನಡೆಯತೊಡಗುತ್ತಾನೆ. ಆ ಮೇಲೆ ಉಳಿದ ಮೂರೂವರೆ ಸುತ್ತು ಅವನಿಗೆ ಬರಿಯ ಅವಮಾನ. ಹೀಗೆ ವರ್ಷಕ್ಕೊಮ್ಮೆಯಂತೆ ಹತ್ತು ವರ್ಷ ನಡೆದರೆ, ತನ್ನಿಂದ ಓಡಲಾಗದು ಎಂಬುದು ಅವನಿಗೆ ಅನುಮಾನವಾಗಿ ಉಳಿಯುವುದಿಲ್ಲ, ಅನುಭವದಿಂದ ಕಂಡುಕೊಂಡ ಸತ್ಯವಾಗಿಬಿಡುತ್ತದೆ. ಬುದ್ಧಿ ಹೇಳಿ ಅದನ್ನು ಅಳಿಸಲಾಗದು, ಇನ್ನೊಂದು ಅನುಭವವೇ ಬೇಕು.

ಆದ್ದರಿಂದ ಮೊದಲ ತರಗತಿಯಲ್ಲಿ ನಾನು ಗಡಿಯಾರವನ್ನು ಜೇಬಿನಲ್ಲಿಟ್ಟು ಇಬ್ಬಿಬ್ಬರನ್ನು ಜೊತೆ ಮಾಡುತ್ತೇನೆ. ಒಬ್ಬ ಇನ್ನೊಬ್ಬನಿಗೆ ತನ್ನ ಕಚೇರಿಯ ಮೇಲಧಿಕಾರಿಯ ಬಗ್ಗೆ ದೂರು ಹೇಳುತ್ತ ಓಡಬೇಕು, ಅರ್ಧ ಸುತ್ತಾದ ಮೇಲೆ ಇನ್ನೊಬ್ಬನ ಸರದಿ. ನಗು ಏಳುತ್ತದೆ. ಆದರೆ ಇದು ತಮಾಷೆಗೆ ಹೂಡಿದ ಆಟವಲ್ಲ. ಪೂರ್ಣ ವಾಕ್ಯದಲ್ಲಿ ಮಾತಾಡುತ್ತ ಓಡಬಲ್ಲ ವೇಗವೇ ಹೃದಯಕ್ಕೂ ಶ್ವಾಸಕ್ಕೂ ದುಡಿಮೆ ಕಲಿಸುವ ಸರಿಯಾದ ವೇಗ ಎಂಬುದು ವ್ಯಾಯಾಮ ವಿಜ್ಞಾನದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಳತೆ. ಮಾತು ತುಂಡಾಗತೊಡಗಿದರೆ ನಡೆಯಬೇಕು. ಉಸಿರು ಮರಳಿದರೆ ಮತ್ತೆ ಓಡಬೇಕು. ಕೆಲವರಿಗೆ ಆ ವೇಗ ಚುರುಕು ನಡಿಗೆಗಿಂತ ಒಂದು ಕೂದಲಷ್ಟೇ ಹೆಚ್ಚಿರುತ್ತದೆ, ಅದಕ್ಕೆ ಅವರು ನಾಚುತ್ತಾರೆ. ಇಷ್ಟು ನಿಧಾನಕ್ಕೆ ಓಡಿದರೆ ಏನು ಪ್ರಯೋಜನ ಎಂದು ಕೇಳದ ಗುಂಪನ್ನು ನಾನು ಈವರೆಗೆ ಕಂಡಿಲ್ಲ. ಮೇಲಧಿಕಾರಿಯ ಮೇಲಿನ ದೂರು ಮುಗಿಯುವಷ್ಟರಲ್ಲಿ ಆರು ಸುತ್ತು ಮುಗಿದಿರುತ್ತದೆ, ಮತ್ತು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಅವರು ಆ ದೂರವನ್ನು ಹೊಟ್ಟೆ ತೊಳಸದೆ ಮುಗಿಸಿರುತ್ತಾರೆ. ಎಷ್ಟು ನಿಮಿಷವಾಯಿತು ಎಂದು ಅವರಾಗಿಯೇ ಕೇಳಿದರೆ ಮಾತ್ರ ಗಡಿಯಾರ ಹೊರತೆಗೆಯುತ್ತೇನೆ. ಹೆಚ್ಚಿನವರು ಕೇಳುತ್ತಾರೆ. ಆ ಪ್ರಶ್ನೆ ಅವರ ಬಾಯಿಂದ ಬಂದ ದಿನ ನನ್ನ ಅರ್ಧ ಕೆಲಸ ಮುಗಿದಂತೆ.

ಇಲ್ಲೊಂದು ಅಡ್ಡಮಾತು. ಒಂದೂವರೆ ಮೈಲಿಯ, ಎಂದರೆ ಈ 2.4 ಕಿಲೋಮೀಟರಿನ ಓಟ ಲೋಕದಲ್ಲೆಲ್ಲ ಹಬ್ಬಲು ಕಾರಣರಾದವರಲ್ಲಿ ಅಮೆರಿಕದ ವಾಯುಪಡೆಯ ವೈದ್ಯರಾಗಿದ್ದ ಕೆನೆತ್ ಕೂಪರ್ ಪ್ರಮುಖರು. 12 ನಿಮಿಷದಲ್ಲಿ ಒಬ್ಬ ಎಷ್ಟು ದೂರ ಓಡಬಲ್ಲ ಎಂಬುದರಿಂದ ಅವನ ದೇಹ ಆಮ್ಲಜನಕವನ್ನು ಎಷ್ಟು ಬಳಸಬಲ್ಲದು ಎಂದು ಅಂದಾಜು ಮಾಡಬಹುದೆಂದು ಅವರು 1968ರಲ್ಲಿ ತೋರಿಸಿದರು. ಅದು ಅಳೆಯುವ ಸಾಧನ. ಸೈನ್ಯಗಳೂ ಶಾಲೆಗಳೂ ಮಾಡಿದ ಎಡವಟ್ಟೆಂದರೆ ಅಳೆಯುವ ಓಟವನ್ನೇ ತರಬೇತಿ ಮಾಡಿಕೊಂಡದ್ದು. ಪ್ರತಿ ಸಲವೂ ಪೂರ್ಣ ದೂರ, ಪೂರ್ಣ ವೇಗ, ಕೈಯಲ್ಲಿ ಗಡಿಯಾರ. ಹಸಿದವನಿಗೆ ತಕ್ಕಡಿಯನ್ನು ಬಡಿಸಿ ಉಣ್ಣು ಎಂದಂತಾಯಿತು.

ಪುಷ್-ಅಪ್ ಕಥೆ ಇದಕ್ಕಿಂತ ಚಿಕ್ಕದು. ನೆಲದ ಮೇಲೆ ಒಂದೂ ಸರಿಯಾಗಿ ಆಗದವನಿಗೆ ಮೊಣಕಾಲೂರಿ ಮಾಡು ಎನ್ನುವುದು ವಾಡಿಕೆ. ಅದರಲ್ಲಿ ದೇಹಕ್ಕೆ ತಪ್ಪೇನಿಲ್ಲ, ಆದರೆ ಗಂಡಸರ ಗುಂಪಿನಲ್ಲಿ ಮೊಣಕಾಲೂರಿದವನು ಕಣ್ಣೆತ್ತಿ ನೋಡುವುದಿಲ್ಲ. ನಾನು ಎಲ್ಲರನ್ನೂ, ಬಲಿಷ್ಠರನ್ನೂ ಸೇರಿಸಿ, ಉದ್ಯಾನದ ಬೆಂಚಿನ ಮೇಲೆ ಕೈಯೂರಿ ಮಾಡಲು ಹೇಳುತ್ತೇನೆ. ಕೈ ಎತ್ತರದಲ್ಲಿದ್ದಷ್ಟೂ ಭಾರ ಕಡಿಮೆ. ವಾರ ಕಳೆದಂತೆ ಬೆಂಚಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ನೆಲಕ್ಕೆ ಇಳಿಯುತ್ತಾರೆ. ಮೊದಲ ಕೆಲವು ವಾರಗಳಲ್ಲಿ ಸ್ನಾಯು ದಪ್ಪವಾಗುವುದಕ್ಕೆ ಮೊದಲೇ ನರಗಳು ಇದ್ದ ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ ಎಣಿಕೆ ಬೇಗ ಏರುತ್ತದೆ. ಓಟದಲ್ಲಿ ನಂಬಿಕೆ ಕಳೆದುಕೊಂಡವನಿಗೆ ಈ ಏರಿಕೆ ತೋರಿಸಿ, ನೋಡಿ, ಇದೂ ನಿಮ್ಮದೇ ದೇಹ ಎಂದರೆ ಅವನಿಗೆ ಅರ್ಥವಾಗುತ್ತದೆ.

ಒಲ್ಲದವರೊಂದಿಗೆ ಕೆಲಸ ಮಾಡುವ ತರಬೇತುದಾರನಿಗೆ ಇರುವ ಅತಿ ದೊಡ್ಡ ಅಪಾಯವನ್ನು ಇಲ್ಲಿ ಹೇಳಲೇಬೇಕು. ನೂರು ನೆಪ ಕೇಳಿದ ಕಿವಿಗೆ ನೂರೊಂದನೆಯದು ನಿಜವಾದ ಕಾಯಿಲೆ ಎಂದು ತೋರದೇ ಹೋಗಬಹುದು. ಸಿಂಗಪುರ ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ. ಸೂರ್ಯ ಮುಳುಗಿದ ಮೇಲೂ ಗಾಳಿಯಲ್ಲಿ ತೇವ ತುಂಬಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಇಡೀ ದಿನ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವನ ದೇಹ ಬಿಸಿಗೆ ಹೊಂದಿಕೊಳ್ಳಲು ಸುಮಾರು ಎರಡು ವಾರದ ನಿಯಮಿತ ಅಭ್ಯಾಸ ಬೇಕು. ಓಡುತ್ತಿದ್ದವನು ತೂರಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಸುಮ್ಮನೆ ಸಿಟ್ಟಾದರೆ ಅದನ್ನು ನಾಟಕವೆಂದುಕೊಳ್ಳುವುದು ಪ್ರಾಣಕ್ಕೆ ಎರವಾಗಬಹುದು; ಶ್ರಮದಿಂದ ಬರುವ ಉಷ್ಣಾಘಾತದ ಚಿಹ್ನೆಗಳು ಅವೇ. ಆಗ ಮಾಡಬೇಕಾದದ್ದು ಮೊದಲು ತಣ್ಣೀರು ಅಥವಾ ಮಂಜುಗಡ್ಡೆ ಹಾಕಿದ ನೀರಿನಿಂದ ಮೈ ತಣಿಸುವುದು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ಜ್ವರವಿದ್ದವನನ್ನು, ಹಿಂದಿನ ರಾತ್ರಿ ನಿದ್ದೆಗೆಟ್ಟವನನ್ನು ಓಡಿಸಬಾರದು. ವರ್ಷವಿಡೀ ಏನನ್ನೂ ಮಾಡದವನಿಗೆ ಶಿಕ್ಷೆಯೆಂದು ಒಂದೇ ದಿನ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯುಗಳು ಕರಗಿ, ಮೂತ್ರ ಕಪ್ಪಾಗಿ, ಮೂತ್ರಪಿಂಡಗಳಿಗೇ ಪೆಟ್ಟು ಬೀಳಬಹುದು. ಎಲ್ಲರೆದುರು ಶಿಕ್ಷಿಸಿ ಎಂದು ಸಲಹೆ ಕೊಟ್ಟ ಓದುಗರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕೆಂದು ಕೋರುತ್ತೇನೆ. ನಾನು ಈಗ ಪಾಲಿಸುವ ನಿಯಮ ಸರಳ: ನೋವು ಎಂದವನ ಮಾತನ್ನು ನಂಬುತ್ತೇನೆ. ನಂಬಿ ಹತ್ತು ಸಲ ಮೋಸಹೋದರೆ ನನಗಾಗುವ ನಷ್ಟ ಹತ್ತು ಸುತ್ತಿನ ಓಟ ಮಾತ್ರ. ವಿಚಿತ್ರವೆಂದರೆ, ಇವನು ನಂಬುತ್ತಾನೆ ಎಂದು ಗೊತ್ತಾದ ಮೇಲೆ ನೆಪಗಳೂ ಕಡಿಮೆಯಾದವು.

ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳ ಮಾತು ಬೇರೆ. ಅಭ್ಯಾಸ ಶುರುವಾದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ, ಆದರೆ ಮೊಣಕಾಲ ಕೆಳಗಿನ ಮೂಳೆಯೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಒಲ್ಲೆನೆಂದು ಬಂದವನು ನಾಲ್ಕನೆಯ ವಾರ ಹುಮ್ಮಸ್ಸು ಬಂದು ದಿನವೂ ಓಡತೊಡಗಿದರೆ ನನಗೆ ಖುಷಿಗಿಂತ ಭಯವೇ ಹೆಚ್ಚು. ಆಗ ಅವನನ್ನು ತಡೆದು ನಿಲ್ಲಿಸುವುದೂ ತರಬೇತಿಯ ಭಾಗ.

ಈಗ ಲೆಕ್ಕದ ವಿಷಯ. ವರ್ಷಕ್ಕೆ ಹತ್ತು ತರಗತಿ, ತರಗತಿಯೊಂದಕ್ಕೆ ಒಂದೂಕಾಲು ಗಂಟೆ ಎಂದಿಟ್ಟುಕೊಂಡರೆ ಒಟ್ಟು ಹನ್ನೆರಡು ಹದಿಮೂರು ಗಂಟೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷಕ್ಕೆ 130 ಗಂಟೆಯಾಯಿತು. ಕಾನೂನಿನ ಬಲದಿಂದ ನಾವು ಪಡೆಯುವುದು ಅದರ ಹತ್ತನೆಯ ಒಂದು ಪಾಲು ಮಾತ್ರ. ಅದನ್ನೂ ಬಹಳ ಮಂದಿ ಹುಟ್ಟುಹಬ್ಬಕ್ಕೆ ಎರಡು ತಿಂಗಳಿರುವಾಗ, ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದಂತೆ, ಒಟ್ಟಿಗೆ ಮುಗಿಸಲು ಬರುತ್ತಾರೆ. ಎಡಬಿಡದೆ ಹತ್ತು ತರಗತಿ ಮುಗಿಸಿ ಉಳಿದ ಹತ್ತು ತಿಂಗಳು ಸುಮ್ಮನಿದ್ದರೆ ಬಂದ ಶಕ್ತಿ ಬಂದ ದಾರಿಯಲ್ಲೇ ಮರಳಿ ಹೋಗುತ್ತದೆ, ಮುಂದಿನ ವರ್ಷ ಅದೇ ಮನುಷ್ಯ ಅದೇ ತೇಕಿನೊಂದಿಗೆ ಅದೇ ಗೆರೆಯ ಮೇಲೆ ನಿಂತಿರುತ್ತಾನೆ.

ಆದಕಾರಣ ನಾನು ತರಗತಿಯನ್ನು ವ್ಯಾಯಾಮ ಎಂದು ಭಾವಿಸುವುದನ್ನೇ ಬಿಟ್ಟಿದ್ದೇನೆ. ಅದು ಪಾಠ, ವ್ಯಾಯಾಮ ನಡೆಯಬೇಕಾದದ್ದು ಅವರ ಮನೆಯ ಸುತ್ತಮುತ್ತ, ನಾನಿಲ್ಲದಾಗ. ಹಾಗಾಗಿ ಪ್ರತಿಯೊಬ್ಬರಿಗೂ ವಾರಕ್ಕೆ ಎರಡು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಎಂದು ಕೇಳಿಕೊಳ್ಳುತ್ತೇನೆ. ಯಾವ ದಿನ, ಯಾವ ಹೊತ್ತು, ಓಟವೋ ಚುರುಕು ನಡಿಗೆಯೋ ಸೈಕಲ್ಲೋ ಎಂಬುದನ್ನು ಅವರೇ ಹೇಳಬೇಕು, ನಾನು ಬರೆದುಕೊಳ್ಳುತ್ತೇನೆ. ಕಡ್ಡಾಯದಲ್ಲಿ ಸಿಕ್ಕಿಬಿದ್ದವನಿಗೆ ಆಯ್ಕೆಯ ಒಂದು ಚೂರು ಸಿಕ್ಕರೂ ಅದನ್ನು ಕಾಪಾಡಿಕೊಳ್ಳುತ್ತಾನೆ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್, ಮನುಷ್ಯ ಒಂದು ಕೆಲಸಕ್ಕೆ ಒಳಗಿನಿಂದ ಒಲಿಯಬೇಕಾದರೆ ತಾನೇ ಆರಿಸಿಕೊಂಡೆ ಎಂಬ ಭಾವ, ತನ್ನಿಂದ ಆಗುತ್ತದೆ ಎಂಬ ಭರವಸೆ, ತನ್ನವರ ನಡುವೆ ಇದ್ದೇನೆ ಎಂಬ ನೆಮ್ಮದಿ ಈ ಮೂರೂ ಬೇಕೆಂದು ಹೇಳಿದ್ದಾರೆ. ಗದರಿಕೆ ಈ ಮೂರನ್ನೂ ಒಂದೇ ಏಟಿಗೆ ಕಿತ್ತುಕೊಳ್ಳುತ್ತದೆ.

ಹಾಗಾದರೆ ಭಯ ಮತ್ತು ಹಣಕ್ಕೆ ಕೆಲಸವೇ ಇಲ್ಲವೇ ಎಂದು ಕೇಳಬಹುದು. ಇದೆ. ತೇರ್ಗಡೆಗಿಂತ ಸ್ವಲ್ಪ ಮೇಲೇರಿದವರಿಗೆ 200, ಬೆಳ್ಳಿ ದರ್ಜೆಗೆ 300, ಚಿನ್ನದ ದರ್ಜೆಗೆ 500 ಸಿಂಗಪುರ ಡಾಲರ್ ಬಹುಮಾನವಿದೆ, ಅದಕ್ಕಾಗಿ ಬೆವರು ಹರಿಸುವವರೂ ಇದ್ದಾರೆ. ಆದರೆ ಬೆಳ್ಳಿಗೆ 75, ಚಿನ್ನಕ್ಕೆ 85 ಅಂಕ ಬೇಕು. ಮೂವತ್ತು ಅಂಕದ ಹತ್ತಿರ ಒದ್ದಾಡುವವನಿಗೆ ಆ ಹಣ ಇನ್ನೊಬ್ಬರ ಮನೆಯ ಮದುವೆಯಿದ್ದಂತೆ. ಶಿಕ್ಷೆಯ ಭಯ ಅವನನ್ನು ಮೈದಾನದ ಬಾಗಿಲವರೆಗೆ ತಂದು ನಿಲ್ಲಿಸುತ್ತದೆ, ಅಷ್ಟು ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಕಡ್ಡಾಯವಿಲ್ಲದಿದ್ದರೆ ನನ್ನ ಮುಂದೆ ನಿಂತವರಲ್ಲಿ ಮುಕ್ಕಾಲು ಪಾಲು ಜನ ಎಂದೂ ಬರುತ್ತಿರಲಿಲ್ಲ, ಬಂದು ಬದಲಾದವರೂ ಬದಲಾಗುತ್ತಿರಲಿಲ್ಲ. ಆದರೆ ಬಾಗಿಲಿನಿಂದ ಒಳಗೆ ಆ ಭಯಕ್ಕೆ ಪ್ರವೇಶವಿಲ್ಲದಂತೆ ನೋಡಿಕೊಳ್ಳಬೇಕು. ಹಾಜರಿ ಹಾಕಿಸಿಕೊಂಡು, ಮರದ ನೆರಳಿನಲ್ಲಿ ಕಾಲು ಚಾಚಿ, ಹೊತ್ತು ಕಳೆದು ಹೋಗುವುದು ಹೇಗೆಂಬುದು ಭಯಪಟ್ಟವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ನನ್ನ ಬಳಿ ಮೂರು ವರ್ಷ ಬಂದ ಒಬ್ಬರ ವಿಷಯ ಹೇಳುತ್ತೇನೆ. ಲೆಕ್ಕಪತ್ರದ ಕೆಲಸ, ಮೂವತ್ತೆಂಟು ವಯಸ್ಸು, ಮೊದಲ ದಿನವೇ ನನ್ನ ಮುಖ ನೋಡಿ, ನಾನು ಇಲ್ಲಿ ಹತ್ತು ಸಹಿಗಾಗಿ ಬಂದಿದ್ದೇನೆ, ನನ್ನನ್ನು ಬದಲಾಯಿಸಲು ಯತ್ನಿಸಬೇಡಿ ಎಂದಿದ್ದರು. ಆಗಲಿ ಎಂದೆ. ಲೆಕ್ಕದ ಮನುಷ್ಯರಾದ್ದರಿಂದ ಅವರಿಗೆ ಒಂದೇ ಕೆಲಸ ಕೊಟ್ಟೆ: ಪ್ರತಿ ಸುತ್ತಿನ ಕಾಲವನ್ನು ಬರೆದಿಡಿ, ಬೇಗ ಓಡಬೇಡಿ, ಆರೂ ಸುತ್ತುಗಳ ಅಂಕಿ ಒಂದೇ ಇರುವಂತೆ ನೋಡಿಕೊಳ್ಳಿ. ಅವರಿಗೆ ಓಟದಲ್ಲಿ ಆಸಕ್ತಿ ಇರಲಿಲ್ಲ, ಅಂಕಿಗಳು ಸರಿಹೊಂದದಿದ್ದರೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಮೊದಲ ತಿಂಗಳು ಒಂದು ಸುತ್ತು ಮೂರು ನಿಮಿಷವಿತ್ತು, ಎಂದರೆ ಒಟ್ಟು ಹದಿನೆಂಟು. ಎರಡನೆಯ ವರ್ಷದ ಹೊತ್ತಿಗೆ ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ಇಳಿದು ಹದಿನಾಲ್ಕು ನಿಮಿಷವಾಯಿತು. ಮೂರನೆಯ ವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಸಂಜೆ ನನ್ನ ಬಳಿ ಬಂದು ಹೇಳಿದ್ದು ಕೂಡ ಸಂತೋಷದ ಮಾತೇನಲ್ಲ. ಐದನೆಯ ಸುತ್ತಿನಲ್ಲಿ ನಾಲ್ಕು ಸೆಕೆಂಡು ಹೆಚ್ಚಾಯಿತು ಎಂದು ಬೇಸರಪಟ್ಟುಕೊಂಡರು.

ಎಲ್ಲರೂ ಹೀಗಾಗುತ್ತಾರೆ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಹತ್ತು ಸಹಿಗೆ ಬಂದು ಹತ್ತು ಸಹಿಯನ್ನಷ್ಟೇ ಒಯ್ದವರು ಬೇಕಾದಷ್ಟಿದ್ದಾರೆ. ಎಳೆಯ ಮಗು, ವಯಸ್ಸಾದ ತಾಯಿ, ರಾತ್ರಿ ಪಾಳಿ, ಇವುಗಳ ನಡುವೆ ಸಿಕ್ಕಿಕೊಂಡವನಿಗೆ ವಾರಕ್ಕೆ ನಲವತ್ತು ನಿಮಿಷ ಹೊಂದಿಸುವುದು ನನ್ನಂಥವನು ಹೇಳಿದಷ್ಟು ಸುಲಭವಲ್ಲ ಎಂಬುದೂ ನನಗೆ ಗೊತ್ತು. ಅವರನ್ನು ಸೋತವರ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಮುಂದಿನ ವರ್ಷ ಅವರು ಮತ್ತೆ ಬಂದಾಗ ಹಳೆಯ ಕಹಿ ಒಂದಿಷ್ಟು ಕಡಿಮೆಯಿದ್ದರೆ ಸಾಕು.

ಕೊನೆಯದಾಗಿ, ಕಡ್ಡಾಯವನ್ನು ಹೊಗಳಿದ ಆ ಓದುಗರಲ್ಲಿ ಒಂದು ವಿನಂತಿ. ಸೈನ್ಯವಾಗಲಿ, ಪೊಲೀಸ್ ಇಲಾಖೆಯಾಗಲಿ, ಶಾಲೆಯಾಗಲಿ, ಎಲ್ಲಿಯೇ ಇಂಥ ತರಬೇತಿಯ ಮಾತು ಬಂದರೂ ಎಷ್ಟು ಜನ ತೇರ್ಗಡೆಯಾದರು ಎಂಬ ಪ್ರಶ್ನೆಯ ಜೊತೆಗೆ ಇನ್ನೆರಡನ್ನು ಕೇಳಿ. ಮೊದಲ ತರಗತಿಗೆ ಬಂದವರಲ್ಲಿ ಎಷ್ಟು ಮಂದಿ ತರಗತಿಯಿಲ್ಲದ ದಿನವೂ ಓಡಿದರು? ಮತ್ತು ತರಬೇತುದಾರನೊಬ್ಬನಿಗೆ ಎಷ್ಟು ಜನರನ್ನು ಒಪ್ಪಿಸಿದ್ದಾರೆ? ಅರವತ್ತು ಜನರನ್ನು ಒಬ್ಬನ ಕೈಗೆ ಕೊಟ್ಟರೆ ಅವನು ಶಿಳ್ಳೆ ಊದದೆ ಬೇರೇನೂ ಮಾಡಲಾರ. ಅಲ್ಲಿ ಗದರಿಕೆ ಅವನ ಸ್ವಭಾವವೂ ಆಗಿರುವುದಿಲ್ಲ, ಅನಿವಾರ್ಯವಾಗಿರುತ್ತದೆ. ಹದಿನೈದು ಜನರಿದ್ದರೆ ಪ್ರತಿಯೊಬ್ಬನ ಉಸಿರು ಎಲ್ಲಿ ತುಂಡಾಗುತ್ತದೆಂದು ಪಕ್ಕದಲ್ಲಿ ಓಡುತ್ತಲೇ ಕೇಳಿಸಿಕೊಳ್ಳಬಹುದು.

ನಾಳೆ ಸಂಜೆ ಹೊಸ ತಂಡ ಬರುತ್ತಿದೆ. ಪಟ್ಟಿಯಲ್ಲಿ ಹದಿನೆಂಟು ಹೆಸರುಗಳಿವೆ, ಅವುಗಳಲ್ಲಿ ಏಳು ಮಂದಿಯ ಹುಟ್ಟುಹಬ್ಬಕ್ಕೆ ಆರು ವಾರವೂ ಉಳಿದಿಲ್ಲ.

ಇತಿ ತಮ್ಮ ವಿಶ್ವಾಸಿ,
ಸಿಂಗಪುರದ ಒಬ್ಬ ವ್ಯಾಯಾಮ ತರಬೇತುದಾರ